ಕೊನೆಯ ನಲವತ್ತೊಂದು ಸೆಕೆಂಡು

ನೂಲಿನ ಗಿರಣಿಯಲ್ಲಿ ಅವರನ್ನು ಎಲ್ಲರೂ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷಗಳಿಂದ ಅವರು ನೋಡಿದ ರೋಗಿಗಳೆಲ್ಲ ಬೇರಿಂಗುಗಳು. ಓಡುತ್ತಿರುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಕೊಟ್ಟು, ಕಣ್ಣು ಮುಚ್ಚಿ ಅರೆಗಳಿಗೆ ನಿಂತರೆ ಸಾಕು: "ಇದಕ್ಕೆ ಹತ್ತು ದಿನ ಆಯುಸ್ಸು. ಆ ಕಡೇದು ಇನ್ನೊಂದು ವರ್ಷ ಬಾಳುತ್ತೆ." ಅವರು ಹೇಳಿದ್ದು ಹುಸಿಯಾದದ್ದು ಅಪರೂಪ. ಗಿರಣಿಯ ಗೋಡೆಯ ಮೇಲೆ ಹಳದಿ ಸ್ಪಂಜಿನ ಕಿವಿಬಿರಡೆಗಳ ಡಬ್ಬಿಯೊಂದು ನೇತಾಡುತ್ತಿತ್ತು. ಡಾಕ್ಟ್ರು ಅದಕ್ಕೆ ಕೈ ಹಾಕಿದವರಲ್ಲ. "ಮೂಗು ಮುಚ್ಕೊಂಡು ಹೂವಿನ ವಾಸನೆ ನೋಡು ಅಂದಂಗಾಯ್ತು" ಎನ್ನುತ್ತಿದ್ದರು.

ಅದೇ ಕಿವಿಯಿಂದಾಗಿ ಗಿರಣಿಯ ಹೊರಗೂ ಅವರಿಗೊಂದು ಪೀಠವಿತ್ತು. ನಾಲ್ಕು ಜನರ ಸಣ್ಣ ಗುಂಪು: ಡಾಕ್ಟ್ರು, ಅವರ ಹೆಂಡತಿಯ ತಮ್ಮ, ಆಸ್ಪತ್ರೆಯ ನರ್ಸಮ್ಮ, ಬೇಕರಿ ನಡೆಸುವ ಬನ್ನಣ್ಣ. ನಾಲ್ವರನ್ನೂ ಕಟ್ಟಿಹಾಕಿದ್ದವಳು ಒಬ್ಬ ಗಾಯಕಿ. ಇಪ್ಪತ್ತೆರಡು ವರ್ಷಗಳಲ್ಲಿ ಏಳು ಆಲ್ಬಮ್. ಇವರ ನಡುವೆ 'ಅವಳು' ಎಂದರೆ ಅವಳೊಬ್ಬಳೇ. "ನಿಮ್ಮ ಬಾಯಲ್ಲಿ ಅವಳು ಅಂತ ಬಂದ್ರೆ ಅದು ನಾನಲ್ಲ ಅನ್ನೋದು ಮದುವೆಯಾದ ವರ್ಷವೇ ಗೊತ್ತಾಯ್ತು" ಎಂದು ಡಾಕ್ಟ್ರ ಹೆಂಡತಿ ಆಗಾಗ ಚುಚ್ಚುವುದಿತ್ತು.

ಹೊಸ ಆಲ್ಬಮ್ ಬಂದಾಗ ಕೇಳುವುದಕ್ಕೂ ಒಂದು ಕ್ರಮವಿತ್ತು. ಬೇಕರಿಗೆ ರಜವಿರುವ ಭಾನುವಾರದ ಮಧ್ಯಾಹ್ನ, ಅದರ ಮೇಲಿನ ಕೋಣೆ. ಸುತ್ತಲೂ ಮೈದಾ ಚೀಲಗಳು, ಹಾಗಾಗಿ ಗೋಡೆ ಮಾರುದನಿ ಕೊಡುವುದಿಲ್ಲ. ಸ್ಪೀಕರು ಎಲ್ಲಿ, ಯಾರ ಕುರ್ಚಿ ಎಲ್ಲಿ ಎಂಬುದನ್ನು ಡಾಕ್ಟ್ರೇ ಅಳೆದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದ್ದರು. ಮೊದಲೇ ಯಾರೂ ಕದ್ದು ಕೇಳಿರಬಾರದು. ಒಂದೇ ಸಲ, ಮಾತಿಲ್ಲದೆ, ಮೊದಲಿಂದ ಕೊನೆಯವರೆಗೆ. ಮುಗಿದ ಕೂಡಲೇ ಮನಸ್ಸಿಗೆ ಬಂದದ್ದನ್ನು ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕಬೇಕು. ನರ್ಸಮ್ಮ ಒಂದೊಂದಾಗಿ ತೆಗೆದು ಓದಬೇಕು. ರೋಗಿಗಳ ಸರದಿ ಕೂಗಿ ಕೂಗಿ ಆಕೆಯ ದನಿ ಯಾವ ಪಕ್ಷಕ್ಕೂ ವಾಲುತ್ತಿರಲಿಲ್ಲ. ಡಾಕ್ಟ್ರ ಚೀಟಿ ಯಾವಾಗಲೂ ಕೊನೆಗೆ. ಅದು ಓದಿಯಾಯಿತೆಂದರೆ ಆ ಆಲ್ಬಮ್ಮಿನ ಹಣೆಬರಹ ಬರೆದಂತೆ. ಬೇರೆಯವರು ಮೆಚ್ಚಿ ಬರೆದದ್ದನ್ನು ತಾವೇ ನುಂಗಿಕೊಳ್ಳುತ್ತಿದ್ದರು.

ಎಂಟನೆಯದು ಬರಲು ಆರು ವರ್ಷ ಹಿಡಿಯಿತು.

"ಆರು ವರ್ಷ ಕಾಯಿಸಿದ್ಲಲ್ಲ ಪುಣ್ಯಾತ್ಗಿತ್ತಿ" ಎಂದ ಬನ್ನಣ್ಣ, ಬೋಳು ತಲೆ ಸವರಿಕೊಳ್ಳುತ್ತ. "ನನ್ನ ಕೂದ್ಲೂ ಅಷ್ಟು ದಿನ ಕಾಯ್ಲಿಲ್ಲ."

ಭಾಮೈದ ಕೊನೆಗೆ ಬಂದ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವನು, ದಪ್ಪ ಕನ್ನಡಕ, ಮಾತು ಕಡಿಮೆ.

"ಬಂದ್ಯೇನೋ? ಈ ಸಲ 'ಚೆನ್ನಾಗಿದೆ' ಅಂತ ಒಂದೇ ಪದಾನೋ, ಹೇಗೆ?" ಎಂದರು ಡಾಕ್ಟ್ರು.

"ನೋಡೋಣ ಭಾವ."

"ಬಿಡು. ನಿನ್ನ ಕಿವಿ ಇರೋದೇ ಕನ್ನಡಕ ಸಿಕ್ಕಿಸೋಕೆ. ಅಷ್ಟಕ್ಕಾದ್ರೂ ಉಪಯೋಗಕ್ಕೆ ಬಂತಲ್ಲ."

ಭಾಮೈದ ಕನ್ನಡಕ ಸರಿ ಮಾಡಿಕೊಂಡು ನಕ್ಕ. ಈ ಮಾತಿಗೆ ಅವನು ಯಾವಾಗಲೂ ನಗುತ್ತಿದ್ದ.

ಹಾಡು ಶುರುವಾಯಿತು. ಡಾಕ್ಟ್ರು ಕಣ್ಣು ಮುಚ್ಚಿ, ಬೆರಳನ್ನು ಸ್ಟಾಪ್‌ವಾಚಿನ ಮೇಲಿಟ್ಟು ಕೂತರು. ಮೊದಲ ಹಾಡಿನಲ್ಲೇ ಅವರ ಹುಬ್ಬು ಗಂಟಿಕ್ಕಿತು. ದನಿ ಅದೇ, ಆದರೆ ಅಂಚೆಲ್ಲ ಮೊಂಡು. ಪದಗಳು ಬಾಯಿಂದ ಹೊರಡುವ ಮೊದಲೇ ಒದ್ದೆಯಾದ ಹಾಗೆ. ಪಿಟೀಲಿನ ಮೇಲೆ ಕಮಾನು ಎಳೆದರೆ ಬರಬೇಕಾದ ಆ ಸಣ್ಣ ಗರಗರ ಎಲ್ಲಿ? ರೆಕಾರ್ಡಿಂಗ್ ಮಾಡಿದವನನ್ನು ಗಿರಣಿಗೆ ಕರೆಸಿ ಒಂದು ವಾರ ಕಸ ಗುಡಿಸಲು ಹಚ್ಚಬೇಕು ಎನ್ನಿಸಿತು. ಕೊನೆಯದಾದ ಎಂಟನೆಯ ಹಾಡನ್ನು ಸಾಲಿನ ನಡುವೆಯೇ ಅವಳು ನಿಲ್ಲಿಸಿಬಿಟ್ಟಳು. ಆಮೇಲೆ ಏನೂ ಇಲ್ಲ. ಡಾಕ್ಟ್ರು ಗುಂಡಿ ಒತ್ತಿದರು. ಹತ್ತು ಸೆಕೆಂಡು. ಇಪ್ಪತ್ತು. ಸಿಟ್ಟಿಗೆ ಕಣ್ಣು ಬಿಟ್ಟು ನೋಡಿದರೆ, ಬನ್ನಣ್ಣ ಬಾಯಿ ಅರ್ಧ ತೆರೆದು ನಗುತ್ತ ಕೂತಿದ್ದಾನೆ. ನರ್ಸಮ್ಮನ ಕೈ ಕೆನ್ನೆಯ ಮೇಲಿದೆ. ಭಾಮೈದನಂತೂ ತಲೆ ವಾಲಿಸಿ, ಕಣ್ಣು ತುಂಬಿಕೊಂಡಿದ್ದಾನೆ. ಖಾಲಿ ಪಾತ್ರೆಗೆ ಕೈಮುಗಿಯೋ ಜನ ಎಂದುಕೊಂಡರು ಡಾಕ್ಟ್ರು. ಸ್ಪೀಕರಿನ ದೀಪ ಆರಿದಾಗ ನಲವತ್ತೊಂದು ಸೆಕೆಂಡು.

ಎಲ್ಲರೂ ಬರೆದರು. ಭಾಮೈದ ಚೀಟಿಯ ಎರಡೂ ಬದಿಗೆ ಬರೆದದ್ದನ್ನು ಡಾಕ್ಟ್ರು ಗಮನಿಸಿದರು. ನರ್ಸಮ್ಮ ಡಬ್ಬಿಗೆ ಕೈ ಹಾಕುವಷ್ಟರಲ್ಲಿ ಅವರಿಗೆ ತಡೆಯಲಾಗಲಿಲ್ಲ.

"ಇವತ್ತು ನಂದೇ ಮೊದ್ಲು ಓದಮ್ಮ. ಹೊಟ್ಟೆ ಉರೀತಿದೆ."

ಇಪ್ಪತ್ತೆರಡು ವರ್ಷಗಳಲ್ಲಿ ಕ್ರಮ ತಪ್ಪಿದ್ದು ಅದು ಎರಡನೆಯ ಸಲ. ನರ್ಸಮ್ಮ ಹುಡುಕಿ ತೆಗೆದು ಓದಿದಳು: "ದನಿಗೆ ಕಂಬಳಿ ಹೊದಿಸಿ ಮಲಗಿಸಿದ್ದಾರೆ. ಕೊನೆಯ ನಲವತ್ತೊಂದು ಸೆಕೆಂಡು ಬರೀ ಖಾಲಿ. ಹಾಡಲು ಏನೂ ಉಳಿಯದವಳು ನಮಗೆ ಮೌನವನ್ನು ಮಾರುತ್ತಿದ್ದಾಳೆ."

"ಖಾಲೀನಾ?" ಎಂದ ಬನ್ನಣ್ಣ.

ನರ್ಸಮ್ಮ ಅವನತ್ತ ನೋಡಿದಳು. ಅವನು ತಕ್ಷಣ ಮುಂದಿದ್ದ ಬನ್ನನ್ನು ಮುರಿಯತೊಡಗಿದ.

ಎರಡನೆಯದು ಬನ್ನಣ್ಣನ ಚೀಟಿ. "ಹಾಡು ಚೆನ್ನಾಗಿವೆ. ಕೊನೆ... ಕೊನೆ ಸ್ವಲ್ಪ ಉದ್ದವಾಯಿತು." ಮೂರನೆಯದು, ನರ್ಸಮ್ಮನದೇ ಕೈಬರಹ: "ಒಟ್ಟಿನಲ್ಲಿ ಪರವಾಗಿಲ್ಲ." ಕಿಟಕಿಯ ಬೆಳಕು ಕಾಗದದ ಹಿಂದಿನಿಂದ ಬೀಳುತ್ತಿತ್ತು. ಚೀಟಿಯ ತುಂಬ ಸಾಲುಗಳಿರುವುದು ಡಾಕ್ಟ್ರಿಗೆ ಕಾಣುತ್ತಿತ್ತು. ಆಕೆಯ ಬಾಯಿಂದ ಬಂದದ್ದು ಅರ್ಧ ಸಾಲು. ಭಾಮೈದನ ಚೀಟಿಯನ್ನು ಬಿಡಿಸಿ ಆಕೆ ತುಂಬ ಹೊತ್ತು ನೋಡಿದಳು.

"ಇದ್ರಲ್ಲಿ ಏನೂ ಬರೆದಿಲ್ಲ" ಎಂದಳು.

"ಬರೆದಿಲ್ವಾ? ಎರಡೂ ಕಡೆ ಗೀಚ್ತಾ ಇದ್ನಲ್ಲ?"

"ಹೌದು ಭಾವ, ಆದ್ರೆ ಏನೂ ಇಲ್ಲ ಅದ್ರಲ್ಲಿ" ಎಂದ ಭಾಮೈದ ಮೆಲ್ಲಗೆ. "ನೀವು ಹೇಳಿದ್ದೇ ಸರಿ. ಕೊನೇಲಿ ಖಾಲಿ."

"ಹ್ಞೂಂ, ಖಾಲಿ ಖಾಲಿ" ಎಂದ ಬನ್ನಣ್ಣ, ಬಾಯಿ ತುಂಬ ಬನ್ನು ತುಂಬಿಕೊಂಡು.

ಗೆದ್ದವರಿಗೆ ಆಗಬೇಕಾದ ಖುಷಿ ಡಾಕ್ಟ್ರಿಗೆ ಆಗಲಿಲ್ಲ. ಭಾಮೈದ ಈವರೆಗೆ ಅವರ ಮಾತಿಗೆ ತಲೆ ತಗ್ಗಿಸಿದ್ದುಂಟು. ಬಾಯಿಬಿಟ್ಟು 'ನೀವೇ ಸರಿ' ಎಂದವನಲ್ಲ.

ನರ್ಸಮ್ಮ ಚೀಟಿಗಳನ್ನು ಮಡಚುತ್ತ ಕೇಳಿದಳು, "ಡಾಕ್ಟ್ರೇ, ಗಿರಣೀಲಿ ವರ್ಷಕ್ಕೊಂದ್ಸಲ ಕಿವಿ ಪರೀಕ್ಷೆ ಮಾಡಿಸ್ತಾರಲ್ವಾ?"

"ಅದು ಕೇಳ್ದೇ ಇರೋರಿಗೆ ಕಣಮ್ಮ!" ಎಂದು ಡಾಕ್ಟ್ರು ಜೋರಾಗಿ ನಕ್ಕರು. ಬೇರೆ ಯಾರೂ ನಗಲಿಲ್ಲ.

"ಡಬ್ಬಿ ಈ ಸಲ ನಮ್ಮನೇಲಿರ್ಲಿ ಬಿಡಿ" ಎಂದಳು ನರ್ಸಮ್ಮ.

"ಯಾಕೆ? ಇಷ್ಟು ವರ್ಷ ನಮ್ಮನೇಲಿತ್ತು, ತುಕ್ಕು ಹಿಡೀತಾ?" ಎಂದು ಅವರು ಡಬ್ಬಿಯನ್ನು ಕಂಕುಳಿಗೆ ಸೇರಿಸಿದರು.

ಮನೆಗೆ ಬಂದವರು ಚಪ್ಪಲಿ ಬಿಟ್ಟ ಕೂಡಲೇ ಡಬ್ಬಿ ತೆರೆದರು.

ಬನ್ನಣ್ಣನದು: "ಅವಳು ನಿಲ್ಲಿಸಿದ ಮೇಲೆ ಅವಳು ಹಾಡುತ್ತಿದ್ದ ಕೋಣೆಯ ಜೀರುಂಡೆ ಮುಂದುವರಿಸಿತು. ಮೊದಲು ನಗು ಬಂತು, ಆಮೇಲೆ ಬರಲಿಲ್ಲ." ನರ್ಸಮ್ಮನದು: "ಇಡೀ ಆಲ್ಬಮ್ಮಿಗಿಂತ ಕೊನೆಯ ಜೀರುಂಡೆಯೇ ಹೆಚ್ಚು. ಯಾರೋ ಹೋದ ಮೇಲೆ ಹಾಸಿಗೆಯ ಪಕ್ಕ ಗಡಿಯಾರ ಓಡುತ್ತಿರುತ್ತದಲ್ಲ, ಹಾಗೆ." ಭಾಮೈದನದು ಇರುವೆಯಂಥ ಅಕ್ಷರಗಳಲ್ಲಿ: "ಜೀರುಂಡೆ ಮೊದಲು ಎಡಗಡೆ, ಆಮೇಲೆ ನಡುವೆ. ಎರಡು ಸಲ ನಿಂತು ಮತ್ತೆ ಶುರು ಮಾಡುತ್ತದೆ. ಅವಳ ಉಸಿರೂ ಕೇಳುತ್ತದೆ. ಈ ಸಲ ನನ್ನ ಭ್ರಮೆಯಲ್ಲ ಅನ್ನಿಸುತ್ತಿದೆ. ಆದರೂ ಭಾವನಿಗೂ ಕೇಳಿಸಿತಾ ಎಂದು ಗೊತ್ತಾಗಬೇಕು."

ಮೂವರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಎಂಬುದೇ ಡಾಕ್ಟ್ರಿಗೆ ಬಂದ ಮೊದಲ ಯೋಚನೆ. ಮೊಬೈಲನ್ನು ಮೇಜಿನ ಮೇಲಿಟ್ಟು ಎಂಟನೆಯ ಹಾಡಿನ ತುದಿ ಹಾಕಿದರು. ಅವಳು ಹಾಡಿದಳು, ನಿಲ್ಲಿಸಿದಳು. ಮತ್ತೆ ಅದೇ ಖಾಲಿ.

ಅಡುಗೆಮನೆಯಿಂದ ಹೆಂಡತಿ ಪೊರಕೆ ಹಿಡಿದು ಬಂದಳು.

"ಎಲ್ಲಿಂದ ಒಳಗೆ ಬಂತ್ರೀ ಇದು?"

"ಏನು?"

"ಜೀರುಂಡೆ! ಇಷ್ಟು ಜೋರಾಗಿ ಕೂಗ್ತಿದೆ, ಕಲ್ಲಿನ ಹಾಗೆ ಕೂತಿದೀರಲ್ಲ." ಆಕೆ ಬೀರುವಿನ ಸಂದಿಗೆ ಪೊರಕೆ ತೂರಿಸಿ ಬಡಿದಳು. ಪರದೆ ಎತ್ತಿ ಕೊಡವಿದಳು. ಡಾಕ್ಟ್ರ ಕಣ್ಣು ಮೊಬೈಲಿನ ಮೇಲೆ ಓಡುವ ಅಂಕಿಗಳ ಮೇಲಿತ್ತು. ಮೂವತ್ತೆಂಟು. ನಲವತ್ತು. ನಲವತ್ತೊಂದು.

"ನೋಡಿ, ಸುಮ್ಮನಾಯ್ತು" ಎಂದಳು ಹೆಂಡತಿ ಸೊಂಟಕ್ಕೆ ಕೈಯಿಟ್ಟು. "ಅದಕ್ಕಾದ್ರೂ ನನ್ನ ಹೆದರಿಕೆ ಇದೆ ಈ ಮನೇಲಿ."

ಆಕೆ ಒಳಗೆ ಹೋದ ಮೇಲೆ ಡಾಕ್ಟ್ರು ಚೀಲದಿಂದ ಸ್ಕ್ರೂಡ್ರೈವರ್ ತೆಗೆದರು. ಮತ್ತೆ ಹಾಡು ಹಾಕಿ, ತುದಿಯನ್ನು ಮೊಬೈಲಿಗೆ ಒತ್ತಿ, ಹಿಡಿಯನ್ನು ಮೂಳೆಗೆ ಕೊಟ್ಟರು. ಮೇಜಿನ ಮೈಯಲ್ಲಿ ಎಲ್ಲಿಂದಲೋ ಹರಿದು ಬಂದ ಫ್ಯಾನಿನ ಗುಂಯ್‌ಗುಡಿತ ಕೇಳಿತು. ತಮ್ಮದೇ ನಾಡಿಯ ಬಡಿತ ಕೇಳಿತು. ಜೀರುಂಡೆ ಇಲ್ಲ.

ಆಗ ಲೆಕ್ಕ ಅವರಿಗೆ ತಾನಾಗಿಯೇ ಬಿಡಿಸಿಕೊಂಡಿತು. ಸವೆದ ಬೇರಿಂಗಿನ ನರಳಾಟ ತಗ್ಗಿನ ದನಿಯದು. ಮೂಳೆಗೆ ಒತ್ತಿ ಹಿಡಿದರೆ ಮೈಗೇ ನಡುಕ ಕೊಡುತ್ತದೆ. ಅದು ಕೇಳುತ್ತಿದ್ದುದರಿಂದ ಎಲ್ಲವೂ ಕೇಳುತ್ತಿದೆ ಎಂದುಕೊಂಡಿದ್ದರು. ಕಿವಿಯ ಸವೆತ ಮೇಲಿನ ದನಿಗಳಿಂದ ಶುರುವಾಗಿತ್ತು. ಸಣ್ಣ ದನಿಗಳು, ಚೂಪು ದನಿಗಳು ಒಂದೊಂದಾಗಿ, ಸದ್ದಿಲ್ಲದೆ ಹೋಗಿದ್ದವು. ಯಾವಾಗಿನಿಂದ?

ಡಬ್ಬಿಯ ತಳದಲ್ಲಿ ಆರು ವರ್ಷದ ಹಿಂದಿನ, ಏಳನೆಯ ಆಲ್ಬಮ್ಮಿನ ಚೀಟಿಗಳ ಕಟ್ಟು ಇತ್ತು. ನೂಲು ಬಿಚ್ಚಿದರು. ಭಾಮೈದನ ಚೀಟಿ: "ಎರಡನೇ ಹಾಡಿನ ಹಿಂದೆ, ತುಂಬ ದೂರದಲ್ಲಿ, ಸಣ್ಣ ಗೆಜ್ಜೆ. ಅದು ಗೊತ್ತಾದ ಮೇಲೆ ಹಾಡೇ ಬೇರೆಯಾಗುತ್ತದೆ." ಅದರ ಮೇಲೆ ಅಡ್ಡಡ್ಡ ಕೆಂಪು ಗೀಟು, ಪಕ್ಕದಲ್ಲಿ ಡಾಕ್ಟ್ರದೇ ಅಕ್ಷರ: "ಇಲ್ಲ!"

ಕ್ರಮ ತಪ್ಪಿದ ಮೊದಲನೆಯ ಸಲ ಅದು. ಭಾಮೈದ ಅಂದು ಪಟ್ಟು ಬಿಡಲಿಲ್ಲವೆಂದು ಡಾಕ್ಟ್ರು ಎರಡನೇ ಹಾಡನ್ನು ಮೂರು ಸಲ ಹಾಕಿದ್ದರು. ಪ್ರತಿ ಸಲವೂ "ನಿಮಗೆ ಕೇಳ್ತಾ? ನಿಮಗೆ?" ಎಂದು ಉಳಿದಿಬ್ಬರನ್ನು ವಿಚಾರಿಸಿದ್ದರು. ಇಬ್ಬರೂ ಡಾಕ್ಟ್ರ ಮುಖ ನೋಡಿ ಇಲ್ಲವೆಂದಿದ್ದರು. "ಕೋಣನ ಮುಂದೆ ಕಿನ್ನರಿ ಬಾರಿಸಿದ್ರೆ ಕೋಣ ತಲೆ ಆಡಿಸಲ್ಲ ಅಂತಾರೆ. ಈ ಕೋಣ ನೋಡಿ, ಕಿನ್ನರಿ ಇಲ್ದೇನೇ ತಲೆ ಆಡಿಸ್ತಿದೆ!" ಎಂದು ಡಾಕ್ಟ್ರು ಅಂದಾಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಭಾಮೈದನೂ.

ಆಗ ಅವನು ನಾಲ್ಕು ವರ್ಷಗಳಿಂದ ಪಿಟೀಲು ಕಲಿಯುತ್ತಿದ್ದ. ಅದಾದ ತಿಂಗಳಿಗೆ ಬಿಟ್ಟ. ಪಿಟೀಲಿನ ಪೆಟ್ಟಿಗೆಯನ್ನು ಅಕ್ಕನ ಮನೆಗೆ ತಂದಿಟ್ಟು, "ನನ್ನ ಕಿವಿ ಸರಿಯಿಲ್ಲ, ಇಲ್ಲದ ಸ್ವರ ಕೇಳಿಸುತ್ತೆ" ಎಂದಿದ್ದ. "ಬೇಗ ಗೊತ್ತಾಯ್ತಲ್ಲ, ಒಳ್ಳೇದು" ಎಂದಿದ್ದರು ಡಾಕ್ಟ್ರು. ಪೆಟ್ಟಿಗೆ ಈಗಲೂ ಅದೇ ಬೀರುವಿನ ಮೇಲಿತ್ತು.

ಅವರು ಆ ಹಳೆಯ ಹಾಡನ್ನು ಹಾಕಿದರು. ಹೆಂಡತಿಯನ್ನು ಕರೆದರು. "ಇದ್ರಲ್ಲಿ ಏನಾದ್ರೂ ಗೆಜ್ಜೆ ಕೇಳುತ್ತಾ ನೋಡು."

"ಇದೆಯಲ್ಲ" ಎಂದಳು ಆಕೆ, ಕೈ ಒರೆಸಿಕೊಳ್ಳುತ್ತ. "ಮೊದಲಿಂದ್ಲೂ ಇದೆ. ಯಾಕೆ?"

ಮರುದಿನ ಡಾಕ್ಟ್ರು ಗಿರಣಿಗೆ ಅರ್ಧ ದಿನ ರಜ ಹಾಕಿ, ಪೆಟ್ಟಿಗೆಯ ಧೂಳು ಒರೆಸಿ, ಅಂಚೆ ಕಚೇರಿಗೆ ಹೋದರು. ಸರದಿಯಲ್ಲಿ ನಿಂತರು. ಒಳಗೆ ಎರಡು ಫ್ಯಾನು, ಮುದ್ರೆ ಬಡಿಯುವ ಸದ್ದು, ಜನರ ಗಜಿಬಿಜಿ. ಕೌಂಟರಿನ ಗಾಜಿಗೆ ಮಾತಾಡಲೆಂದು ದುಂಡನೆಯ ತೂತುಗಳಿದ್ದವು, ಅದರ ಕೆಳಗೆ ಕಾಗದ ತೂರಿಸುವ ಸಂದಿ.

ಭಾಮೈದ ಪೆಟ್ಟಿಗೆ ನೋಡಿದ. ಅವನ ಮುಖದಲ್ಲಿ ಏನೂ ಕದಲಲಿಲ್ಲ. ತಕ್ಕಡಿಯನ್ನು ಮುಂದಕ್ಕೆಳೆದ. "ಪಾರ್ಸೆಲ್ಲಾ ಭಾವ? ಎಲ್ಲಿಗೆ?"

"ನಿಂಗೇ ಕಣೋ." ಡಾಕ್ಟ್ರು ತೂತುಗಳಿಗೆ ಬಾಯಿ ಹತ್ತಿರ ತಂದರು. "ಗೆಜ್ಜೆ ಇತ್ತು. ಅವತ್ತಿನ ಎರಡನೇ ಹಾಡಲ್ಲಿ. ನೀನು ಬರೆದಿದ್ದು ಸರಿ. ನಿನ್ನ ಕಿವಿಗೆ ಏನೂ ಆಗಿರ್ಲಿಲ್ಲ. ಹಾಳಾಗಿದ್ದು ನಂದು."

ಭಾಮೈದ ಒಂದು ಲಕೋಟೆಗೆ ಮುದ್ರೆ ಹೊಡೆದ. ಇನ್ನೊಂದಕ್ಕೆ ಹೊಡೆದ. ಆಮೇಲೆ ಏನೋ ಹೇಳಿದ.

"ಏನಂದೆ?"

ಮತ್ತೆ ಹೇಳಿದ. ತುಟಿ ಆಡಿದ್ದು ಕಂಡಿತು. ಗಾಜಿನಾಚೆಯಿಂದ ಗುಂಯ್ ಎಂಬುದಷ್ಟೇ ಬಂತು, ಅದರ ಮೇಲೆ ಮುದ್ರೆಯ ಧಡ್ ಧಡ್. ಡಾಕ್ಟ್ರು ಕಿವಿಯನ್ನು ತೂತುಗಳಿಗೆ ಒತ್ತಿದರು. "ಸ್ವಲ್ಪ ಜೋರಾಗಿ ಹೇಳೋ!" ಹಿಂದೆ ಸರದಿಯಲ್ಲಿದ್ದವರು ಕೆಮ್ಮಿದರು. ಯಾರೋ "ಪಾಪ, ವಯಸ್ಸಾಗಿದೆ" ಎಂದಿರಬೇಕು. ತಿರುಗಿ ನೋಡಿದರೆ ಎಲ್ಲರ ಮುಖದಲ್ಲೂ ಅದೇ ಇತ್ತು.

ಕಿವಿ ಕೇಳದ ಗಿರಾಕಿಗಳು ಬಂದಾಗ ಮಾಡುವ ಅಭ್ಯಾಸದಂತೆ ಭಾಮೈದ ಪಕ್ಕದಲ್ಲಿದ್ದ ಚೀಟಿಯೊಂದನ್ನು ಎಳೆದುಕೊಂಡು ಬರೆದ. ನಾಲ್ಕು ಮಡಿಕೆ ಮಾಡಿ ಸಂದಿಯಲ್ಲಿ ತೂರಿಸಿದ. ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಕೈಸನ್ನೆಯಲ್ಲೇ ಮುಂದಿನವರನ್ನು ಕರೆದ.

ಡಾಕ್ಟ್ರು ಮೆಟ್ಟಿಲಿಳಿದು, ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟು ಚೀಟಿ ಬಿಡಿಸಿದರು.

"ಇಲ್ಲ ಭಾವ. ಗೆಜ್ಜೆ ಇರಲಿಲ್ಲ. ನೀವು ಅವತ್ತು ಹೇಳಿದ್ದೇ ಸರಿ."

ಅಕ್ಷರಗಳು ದುಂಡಗಿದ್ದವು, ಒಂದೂ ನಡುಗಿರಲಿಲ್ಲ. ಇದು ಕನಿಕರವೋ ಸೇಡೋ ಎಂದು ತಿಳಿಯಬೇಕಿದ್ದರೆ ಹೇಳಿದಾಗಿನ ದನಿ ಕೇಳಬೇಕಿತ್ತು. ಅವನು ಎರಡು ಸಲ ಹೇಳಿದ್ದ. ಡಾಕ್ಟ್ರು ತಿರುಗಿ ಬಾಗಿಲಿನೊಳಗೆ ನೋಡಿದರು. ಗಾಜಿನ ಹಿಂದೆ ಭಾಮೈದ ಮುಂದಿನ ಗಿರಾಕಿಯೊಡನೆ ಮಾತಾಡುತ್ತಿದ್ದ, ನಗುತ್ತಿದ್ದ. ತುಟಿಗಳು ಮಾತ್ರ ಆಡುತ್ತಿದ್ದವು.