ನೆಲದಡಿಯ ಗುಂಡಿ, ಸೊಂಟದ ಹಗ್ಗ

ಚಂದ್ರಗುತ್ತಿಯ ನಾಗರಾಜನ ಮನೆ ಇಳಿಜಾರಿನಲ್ಲಿದೆ. ಹಿಂದಿನ ಕೋಣೆಯ ನೆಲದ ಕೆಳಗೆ, ಸೊಂಟ ಬಗ್ಗಿಸಿಯೇ ಇರಬೇಕಾದಷ್ಟು ಇಕ್ಕಟ್ಟು ಜಾಗ; ಗಾಳಿಗೆಂದು ಗೋಡೆಯಲ್ಲಿ ಕಿಂಡಿಗಳು. ಈ ಸಲದ ಮಳೆಗಾಲ ಕಳೆದ ಮೇಲೆ ಕೋಣೆಯ ನೆಲ ಒಂದು ಕಡೆ ಕುಸಿಯತೊಡಗಿತು. ಕೆಳಗೆ ಎರಡು ಗುಂಡಿ ತೋಡಿ ಕಲ್ಲುಕಂಬ ನಿಲ್ಲಿಸಬೇಕೆಂದು ನಾಗರಾಜ, ಬೇಲಿ ಕಂಬಕ್ಕೆ ಗುಂಡಿ ತೆಗೆಯುವ ಪೆಟ್ರೋಲ್ ಮಷಿನ್ ಬಾಡಿಗೆಗೆ ತಂದ.

ಪಕ್ಕದ ಮನೆಯ ಸುರೇಂದ್ರ ಅದನ್ನು ಕಂಡು ಬೇಲಿಯಾಚೆಯಿಂದಲೇ ಕೂಗಿದ. "ಅದು ಬಯಲಲ್ಲಿ ಓಡಿಸೋ ಮಷಿನ್ನು ಮಾರಾಯ. ನೆಲದಡಿ ಒಯ್ಯಬ್ಯಾಡ. ಅದರ ಹೊಗೇಲಿ ವಿಷಗಾಳಿ ಇರ್ತದೆ."

"ಮೂಗಿಗೆ ಟವೆಲ್ ಕಟ್ಕೊಂಡೀನಲ್ಲ!"

"ಟವೆಲ್ಲು ಧೂಳು ತಡೀತದೆ, ವಿಷಗಾಳಿ ತಡೆಯಲ್ಲ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹಾರೇಲಿ ತೋಡು, ನಾನೂ ಬರ್ತೀನಿ."

"ಹಾರೆ ಹಿಡಿದ್ರೆ ಶಿವರಾತ್ರಿಗೇ ಮುಗಿಯೋದು!"

"ಸೊಂಟಕ್ಕೆ ಒಂದು ಹಗ್ಗನಾದ್ರೂ ಕಟ್ಕೋ."

"ನಾನೇನು ಎಮ್ಮೇನಾ?"

ಹೆಂಡತಿ ನೀಲಾಂಬಿಕ ಹಗ್ಗ ತಂದಳು. "ಎಮ್ಮೆ ಆಗಿದ್ರೆ ಮಾತು ಕೇಳ್ತಿತ್ತು" ಎಂದು ಗಂಟು ಬಿಗಿದಳು.

ಮೊದಲ ಗುಂಡಿ ಮುಗಿಸಿ ನಾಗರಾಜ ಹೊರಬಂದ. ಅಷ್ಟರಲ್ಲಿ ಅವನ ತಾಯಿ ರಾಜೇಶ್ವರಮ್ಮ ಅದರ ಮೇಲಿನ ಕೋಣೆಯಲ್ಲೇ ಲಿಂಗಪೂಜೆಗೆ ಕೂರುವ ಹೊತ್ತಾಯಿತು. "ಧೂಳೆಲ್ಲ ಪೂಜೆ ಮೇಲೆ ಬರ್ತದೆ, ಕೆಳಗಿನ ಕಿಂಡಿಗಳಿಗೆ ಒದ್ದೆ ಗೋಣಿ ಕಟ್ಟಮ್ಮ" ಎಂದರು. ನೀಲಾಂಬಿಕ ಕಟ್ಟಿದಳು. ನಾಗರಾಜ "ತಲೆ ನೋಯ್ತಿದೆ, ಹಸಿವಿಗಿರಬೇಕು" ಎನ್ನುತ್ತಾ ಮತ್ತೆ ಒಳಹೊಕ್ಕ.

ಹಗ್ಗದ ತುದಿ ಹಿಡಿದು ಹೊರಗಿದ್ದ ನೀಲಾಂಬಿಕಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮಣ್ಣು ಕೊರೆಯುವಾಗ ಮಷಿನ್ ಏರುತ್ತಾ ಇಳಿಯುತ್ತಾ ಮೊರೆಯುತ್ತಿತ್ತು. ಈಗ ಒಂದೇ ಸಮನೆ ಗುರುಗುಟ್ಟುತ್ತಿದೆ. ಹಗ್ಗ ಜಗ್ಗಿದಳು. ಆ ಕಡೆಯಿಂದ ಯಾರೂ ಜಗ್ಗಲಿಲ್ಲ. ಕಿಟಕಿಯಲ್ಲಿ ಅತ್ತೆಯ ಮುಚ್ಚಿದ ಕಣ್ಣು ಕಂಡಿತು. ಪೂಜೆಗೆ ಕೂತವರನ್ನು ಕರೆಯುವ ರೂಢಿ ಆ ಮನೆಯಲ್ಲಿಲ್ಲ. ಕೂಗಲೋ, ಬೇಡವೋ?

ಕೂಗಿದ್ದು ರಾಜೇಶ್ವರಮ್ಮನೇ. ಆ ಗುರುಗುಟ್ಟುವಿಕೆ ಅವರ ಕಿವಿಗೂ ಬಿದ್ದಿತ್ತು. ಅಂಗೈಯ ಲಿಂಗವನ್ನು ಎದೆಗೊತ್ತಿಕೊಂಡು ಅರ್ಧ ಪೂಜೆಯಲ್ಲೇ ಎದ್ದು ಬಂದರು. "ಶಿವ ಕಾದಾನು, ಉಸಿರು ಕಾಯಲ್ಲ ಕಣೇ! ಗೋಣಿ ಕೀಳು! ಸುರೇಂದ್ರಾ, ಬಾರೋ!"

ಗೋಣಿ ಕಿತ್ತವಳೇ ನೀಲಾಂಬಿಕ ಒಳಗೆ ನುಗ್ಗಲು ಹೋದಳು. ಓಡಿ ಬಂದ ಸುರೇಂದ್ರ ತಡೆದ. "ಬ್ಯಾಡ ಅಕ್ಕಾ, ನೀವೂ ಬೀಳ್ತೀರಿ. ಹಗ್ಗ ಜಗ್ಗಿ!"

ಮೂವರೂ ಜಗ್ಗಿದರು. ನಾಗರಾಜ ಹೊರಬಂದ. ಎಚ್ಚರವಿರಲಿಲ್ಲ, ಉಸಿರಿತ್ತು. 108ಕ್ಕೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಮೇಲೆ ಕಣ್ಣು ಬಿಟ್ಟ.

ಅವನು ಪೂರ್ತಿ ಚೇತರಿಸಿಕೊಂಡ ಮೇಲೆ ಎರಡನೆಯ ಗುಂಡಿಯನ್ನು ಅವನೂ ಸುರೇಂದ್ರನೂ ಸರದಿಯಂತೆ ಹಾರೆಯಲ್ಲೇ ತೋಡಿದರು. ಕಿಂಡಿಗಳೆಲ್ಲ ತೆರೆದಿದ್ದವು. ಧೂಳು ಪೂಜೆಯ ಜಾಗದವರೆಗೂ ಬಂತು. ರಾಜೇಶ್ವರಮ್ಮ ಸೆರಗಿನಿಂದ ಒರೆಸಿಕೊಂಡರು. ಅಂದು ಒಳಹೋಗುವ ಮುನ್ನವೇ ನಾಗರಾಜ ಹಗ್ಗ ಹಿಡಿದು ಹೆಂಡತಿಯ ಮುಂದೆ ಬಂದು ನಿಂತಿದ್ದ.

"ಕಟ್ಟು. ಈಗ ಎಮ್ಮೆ ಮಾತು ಕೇಳ್ತದೆ."

ಓದುತ್ತಿರುವ ಅಣ್ಣ ಅಕ್ಕಂದಿರೇ, ನೆಲದಡಿಯಾಗಲಿ, ಬಾವಿಯಾಗಲಿ, ಮುಚ್ಚಿದ ಕೊಟ್ಟಿಗೆಯಾಗಲಿ, ಒಳಗೆ ಪೆಟ್ರೋಲ್, ಡೀಸೆಲ್ ಮಷಿನ್ ಓಡಿಸಲೇಬೇಡಿ. ಕರೆಂಟಿನ ಮಷಿನ್ ಒದ್ದೆ ನೆಲದಲ್ಲಿ ಬೇಡ. ಒಬ್ಬರು ಹೊರಗೆ ಹಗ್ಗ ಹಿಡಿದಿರಲಿ. ತಲೆ ನೋವು, ವಾಕರಿಕೆ ಬಂದರೆ ಹಸಿವೆಂದುಕೊಳ್ಳದೆ ಆ ಕ್ಷಣವೇ ಹೊರಗೆ ಬನ್ನಿ. ಬಿದ್ದವರನ್ನು ಎತ್ತಲು ಒಳಗೆ ನುಗ್ಗಬೇಡಿ, 108ಕ್ಕೆ ಕರೆ ಮಾಡಿ. ನಿಮ್ಮ ಮನೆಯಲ್ಲಿ ಈಗಲೇ ಅಂಥ ಕೆಲಸ ನಡೆದಿದೆಯೇ? ಹಾಗಾದರೆ ಈ ಕಾಗದ ಕೆಳಗಿಟ್ಟು, ಮೊದಲು ಹೋಗಿ ಒಳಗಿನವರನ್ನು ಹೊರಗೆ ಕರೆಯಿರಿ, ಕಿಂಡಿಗೆ ಗೋಣಿ ಕಟ್ಟಿದ್ದರೆ ಕೀಳಿ.