ಎಡಗಡೆ, ಅಂಗೈಯಗಲ

ಗಾಡಿ ಹತ್ತೋಕೆ ಒಪ್ಪಿದ್ಳಂತೆ ಕಣೇ ನಿಮ್ಮಮ್ಮ, ನಾಳೆ, ನಿನ್ನ ಹಿಂದೆ ಕೂತ್ಕೊಂಡು, ಅಂತ ಚಿಕ್ಕಮ್ಮ ಫೋನಿನಲ್ಲಿ ಕಿರುಚುತ್ತಿದ್ದಾಳೆ, ನಾನು ಫೋನನ್ನು ಕಿವಿಗೂ ಭುಜಕ್ಕೂ ಮಧ್ಯೆ ಸಿಕ್ಕಿಸಿಕೊಂಡು ಅಪ್ಪನ ಗಾಡಿಯ ಹೆಡ್‌ಲೈಟಿನ ಉಂಗುರ ತಿಕ್ಕುತ್ತಿದ್ದೇನೆ, ಅದರೊಳಗೆ ನನ್ನ ಮುಖ ಕುಂಬಳಕಾಯಿ ಹಾಗೆ ಊದಿಕೊಂಡಿದೆ — ಯಾರು ಹೇಳಿದ್ದು ನಿಂಗೆ, ಇನ್ಯಾರೇ ಹೇಳ್ಬೇಕು, ಅಕ್ಕನೇ ಹೇಳಿದ್ಳು, ಈಗ ತಾನೇ — ಅಮ್ಮ ಇರುವುದು ಪಕ್ಕದ ರೂಮಿನಲ್ಲಿ, ಹೊಲಿಗೆ ಮಷೀನಿನ ಮುಂದೆ, ಇಲ್ಲಿಂದ ಎಂಟು ಹೆಜ್ಜೆ, ಸುದ್ದಿ ಮಾತ್ರ ಬೇರೆ ಊರು ಸುತ್ತಿಕೊಂಡು ನನ್ನ ಕಿವಿಗೆ ಬಂತು, ಮೂರು ದಿನದಿಂದ ನಮ್ಮನೆಯಲ್ಲಿ ಮಾತು ಹೀಗೇ ಓಡಾಡುತ್ತಿದೆ. ಟರ್ರ್ ಅಂತ ಮಷೀನು ಓಡಿ ನಿಂತಿತು, ಮತ್ತೆ ಓಡಿತು, ಏನು ಹೊಲಿಯುತ್ತಿದ್ದಾಳೋ, ಇವತ್ತು ಭಾನುವಾರ, ಭಾನುವಾರ ಅವಳು ಗಿರಾಕಿಗಳ ಬಟ್ಟೆ ಮುಟ್ಟುವುದಿಲ್ಲ. ಹೋಗಿ ಕೇಳಲಾ, ಬೇಡ, ಮೊದಲು ಇದು ಮುಗಿಯಲಿ, ನಾನು ಹೀಗೆ ಅಂದುಕೊಂಡು ಈ ಉಂಗುರವನ್ನು ನಾಲ್ಕನೇ ಸಲ ತಿಕ್ಕುತ್ತಿದ್ದೇನೆ.

ಜಪಾನಿನ ಗಾಡಿ, ನನಗಿಂತ ಹದಿನೈದು ವರ್ಷ ದೊಡ್ಡದು, ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು, ನೀಲಿ ಹೊಗೆ ಬಿಡುತ್ತೆ, ಅಪ್ಪ ಗೇಟಿಗೆ ಬರುವ ಮೊದಲೇ ಅವರ ವಾಸನೆ ಬರುತ್ತಿತ್ತು, ಬಂದ ನಿಮ್ಮಪ್ಪ, ಪರದೆಗೆಲ್ಲಾ ಹೊಗೆ ಹಿಡಿಸೋಕೆ, ಅಂತ ಅಮ್ಮ ಎದ್ದು ಕೂದಲು ಸರಿ ಮಾಡಿಕೊಳ್ಳುತ್ತಿದ್ದಳು. ಅಪ್ಪ ಹೋಗಿದ್ದು ಆಂಬುಲೆನ್ಸಿನಲ್ಲಿ, ಗಾಡಿ ಇಲ್ಲೇ ಉಳಿಯಿತು, ಹಳೇ ಬೆಡ್‌ಶೀಟ್ ಹೊದ್ದುಕೊಂಡು ಮೂರು ವರ್ಷ — ಪರೀಕ್ಷೆ ಮುಗಿದ ದಿನ ನಾನೇ ಬೆಡ್‌ಶೀಟ್ ಎಳೆದೆ, ಸೋಫಾ ಗೋಡೆಗೆ ದೂಡಿ ಹಾಲಿನಲ್ಲೇ ಬಿಚ್ಚಿ ಹರಡಿದೆ, ಕಾರ್ಬೊರೇಟರನ್ನು ಸೀಮೆಎಣ್ಣೆ ಬಟ್ಟಲಲ್ಲಿ ನೆನೆಹಾಕಿದೆ, ಚಾ ಸೋಸೋ ಜರಡಿ ಎಲ್ಲೇ ಅಂತ ಅಮ್ಮ ಕೇಳಿದಾಗ ಅದರಲ್ಲಿ ಮೂವತ್ತು ನಟ್ಟುಗಳಿದ್ದವು. ಬೈದಳು. ನಕ್ಕಳು ಕೂಡ, ತುಂಬಾ ದಿನದ ಮೇಲೆ. ಅದನ್ನು ನೋಡಿಯೇ ನನಗೆ ತಲೆ ತಿರುಗಿದ್ದು, ಇನ್ನೂ ಹೊಳೆಸಬೇಕು, ಹೊಸದರ ಹಾಗೆ, ಶೋರೂಮಿನಿಂದ ಇಳಿದ ಹಾಗೆ — ಟ್ಯಾಂಕ್ ಹೊತ್ತುಕೊಂಡು ಪೇಂಟರ್ ಹತ್ತಿರ ಓಡಿದೆ, ಅವರು ಕನ್ನಡಕ ಏರಿಸಿ ನೋಡಿದರು, ಎರಡೂ ಪಕ್ಕ ನೀಲಿ ಬಣ್ಣ ಸವೆದು ತಗಡು ಕಾಣುವ ಜಾಗ, ಅಪ್ಪನ ಮಂಡಿ ಒತ್ತಿ ಒತ್ತಿ ಆಗಿದ್ದು, ಬಲಗಡೆ ಎರಡು ಬೆರಳು, ಎಡಗಡೆ ಅಂಗೈಯಗಲ, ಗೇರ್ ಹಾಕುವ ಕಾಲಲ್ಲವಾ. ಇದನ್ನ ಹೀಗೇ ಬಿಡ್ಲಾ ಮಗಳೇ. ಅಯ್ಯೋ ಬೇಡ ಅಂಕಲ್, ಪೂರ್ತಿ ಕೆರೆದುಬಿಡಿ, ಒಂದು ಕಲೆ ಇರಬಾರ್ದು. ಅವರು ಕೇಳಿದ್ದರು. ಬೇಡ ಅಂದಿದ್ದು ನಾನು. ಟ್ಯಾಂಕ್ ಕೂರಿಸಿದ ದಿನ ಅಮ್ಮನ ಕಣ್ಣು ಮುಚ್ಚಿ ಕರೆತಂದೆ, ಡಡಡಾಣ್ ಅಂತ ಬಾಯಲ್ಲೇ ಬ್ಯಾಂಡ್ ಬಾರಿಸಿದೆ, ಅವಳು ನೋಡಿದಳು, ಅವಳ ಅಂಗೈ ನೇರ ಎಡಗಡೆಗೆ ಹೋಯಿತು, ಹುಡುಕಿತು, ಕತ್ತಲಲ್ಲಿ ಸ್ವಿಚ್ ಹುಡುಕುವ ಹಾಗೆ, ಸಿಗಲಿಲ್ಲ — ಚೆನ್ನಾಗಿದೆ ಅಂದಳು, ಒಳಗೆ ಹೋದಳು, ಅಷ್ಟೇ. ನನಗೆ ಅರ್ಥವಾಗಿದ್ದು ಮಾರನೇ ದಿನ ಬಸ್ಸಿನಲ್ಲಿ, ಕಂಬಿ ಹಿಡಿದು ನಿಂತಿದ್ದಾಗ, ಇದ್ದಕ್ಕಿದ್ದ ಹಾಗೆ, ಕಾಲೇಜಿಗೆ ಹೋಗದೆ ಪೇಂಟರ್ ಹತ್ತಿರ ಇಳಿದೆ, ಅಂಕಲ್ ಆ ಪುಡಿ ಇದೆಯಾ, ಯಾವ ಪುಡಿ, ಕೆರೆದಿದ್ದು, ಅಯ್ಯೋ ಹುಚ್ಚು ಹುಡುಗಿ, ಗುಡಿಸಿ ಹಾಕಿ ನಾಲ್ಕು ದಿನ ಆಯ್ತಲ್ಲ. ಫೋನಿನಲ್ಲಿ ಗಾಡಿ ಬಿಚ್ಚುವಾಗ ತೆಗೆದ ನೂರಾ ಹನ್ನೆರಡು ಫೋಟೋ ಇವೆ, ಎಲ್ಲಾ ತಂತಿ, ಎಲ್ಲಾ ನಟ್ಟು, ಎಡಗಡೆ ಟ್ಯಾಂಕ್ ಇರುವುದು ಒಂದೇ, ಸರಿಯಾಗಿ ಆ ಜಾಗದ ಮೇಲೆ ನನ್ನ ಹೆಬ್ಬೆರಳು.

ಮಷೀನು ನಿಂತಿತು. ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದ ಸದ್ದು, ಎಂಟು ಹೆಜ್ಜೆ, ಅಮ್ಮ ಬಾಗಿಲಲ್ಲಿ, ತೋಳ ಮೇಲೆ ಮಂಡಿಗೆ ತೇಪೆ ಹಾಕಿದ ಅಪ್ಪನ ಖಾಕಿ ಪ್ಯಾಂಟು — ಹಿಡಿ, ನಾಳೆ ಇದನ್ನೇ ಹಾಕ್ಕೋ, ಸೊಂಟ ಹಿಡಿದಿದೀನಿ, ಉದ್ದಾನೂ ಸೊಂಟದ ಕಡೆಯಿಂದ್ಲೇ ತೆಗೆದಿದೀನಿ, ಕೆಳಗೆ ಕತ್ತರಿಸಿದ್ರೆ ತೇಪೆ ನಿನ್ನ ಮಂಡಿಗೆ ಸಿಗ್ತಿರ್ಲಿಲ್ಲ, ಕುಳ್ಳಿ. ಅಮ್ಮಾ, ನಾನು ಕೆರೆಸಬಾರದಿತ್ತು. ಹೂಂ, ಕೆರೆಸಬಾರದಿತ್ತು. ಇಷ್ಟೇ ಅಂದಳು, ಬೇರೆ ಯಾರ ಅಮ್ಮನಾದರೂ ಇರ್ಲಿ ಬಿಡು ಅನ್ನುತ್ತಿದ್ದಳು. ನಾಳೆ ಬೆಳಿಗ್ಗೆ ಏಳಕ್ಕೆ, ಗೇಟಿನ ಹತ್ರ ನಿಂತಿರ್ತೀನಿ, ನಿಮ್ಮಪ್ಪನ ಹಾಗೆ ಹತ್ತು ನಿಮಿಷ ಕಾಯಿಸ್ಬೇಡ — ಹೋದಳು, ನಾನು ಪ್ಯಾಂಟನ್ನು ಮಡಿಲಲ್ಲಿ ಹಾಕಿಕೊಂಡು ನೆಲದ ಮೇಲೆ ಕೂತಿದ್ದೇನೆ, ಎಷ್ಟು ಸಲ ಹಾಕಿದ್ದಳೋ ಈ ತೇಪೆ, ಒಂದರ ಮೇಲೊಂದು, ಮಂಡಿಯ ಒಳಪಕ್ಕಕ್ಕೆ, ಎಷ್ಟು ವರ್ಷ ಒತ್ತಿದರೆ ಟ್ಯಾಂಕಿನ ಬಣ್ಣ ಮತ್ತೆ ಹೋದೀತು, ನನ್ನ ಕಾಲಿಗೆ ಅಷ್ಟು ಬಲ ಎಲ್ಲಿದೆ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸುತ್ತೇನೆ, ಖಾಕಿಯ ನೂಲಿನೊಳಗೆ ನೀಲಿ, ಟ್ಯಾಂಕಿನ ಹಳೇ ನೀಲಿ, ಒಗೆದು ಒಗೆದು ಮಾಸಿದ್ದು, ಎಡಗಡೆ, ಅಂಗೈಯಗಲ, ನೀಲಿ —