ಎರಡನೆಯ ಹಗ್ಗ

ಡೂಗಲ್ ಲಿಸ್ಟನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಶವಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಬ್ರೈಡನ್ ಚರ್ಚಿನ ಬಾಗಿಲಲ್ಲಿ ಹಗ್ಗದ ಚೀಟಿಗಳನ್ನು ಒಬ್ಬೊಬ್ಬರಿಗೇ ಕೊಡುತ್ತ ಬಂದವನು, ಆ ಕೈಯ ಎದುರಿಗೆ ಬಂದು ತಡವರಿಸಿದ.

"ನನ್ನದು?" ಎಂದ ಡೂಗಲ್.

"ನಿಮ್ಮ ಹೆಸರು ಇದರಲ್ಲಿಲ್ಲ, ಲಿಸ್ಟನ್ ಅವರೇ."

"ಸರಿಯಾಗಿ ನೋಡಪ್ಪಾ. ಸತ್ತಿರೋದು ನನ್ನ ತಂಗಿ."

ನ್ಯೂಹೇವನ್ ಬಂದರಿನಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಎಂಟು ಹಗ್ಗಗಳಿಗೂ ಹಿಡಿಯುವವರ ಹೆಸರು ಮೊದಲೇ ನಿಗದಿಯಾಗಿರುತ್ತದೆ. ಒಂದನೆಯದು ತಲೆಯ ಕಡೆ, ಎರಡನೆಯದು ಕಾಲಿನ ಕಡೆ, ಉಳಿದವು ಇಕ್ಕೆಲದಲ್ಲಿ. ಒಡಹುಟ್ಟಿದವನಿಗೆ ಎಂಟನೆಯದೂ ಸಿಗದ ಮಣ್ಣನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಒಂದನೆಯ ಚೀಟಿ ಡೂಗಲ್‌ನ ಮೊಮ್ಮಗಳು ಇಷ್ಬೆಲ್‌ಳ ಕೈಯಲ್ಲಿತ್ತು. ಹತ್ತೊಂಬತ್ತರ ಹುಡುಗಿ, ಎಡಿನ್‌ಬರೋದಲ್ಲಿ ಗಣಿತದ ಎರಡನೆಯ ವರ್ಷ. ತೀರಿಕೊಂಡ ಎಫಿ ಅಜ್ಜಿಯಂತೆ ತಾನೂ ಆಕ್ಚುಯರಿ ಆಗಬೇಕು, ವಿಮಾ ಕಂಪನಿಯಲ್ಲಿ ಕುಳಿತು ಜನರ ಆಯುಷ್ಯದ ಲೆಕ್ಕ ಹಾಕಬೇಕು ಎಂದು ಹೊರಟವಳು. ಮರುದಿನ ಬೆಳಿಗ್ಗೆ ಅದೇ ಲೆಕ್ಕದ ಪರೀಕ್ಷೆ. ವಾರದಿಂದ ಪುಸ್ತಕ ತೆರೆದರೆ ಅವಳ ಬೆರಳು ನಡುಗುತ್ತಿತ್ತು.

"ಎಫಿ ಮೇಡಂ ಹನ್ನೆರಡು ವರ್ಷದ ಹಿಂದೇನೇ ಬಂದು ಎಲ್ಲ ಗೊತ್ತು ಮಾಡಿ ಹೋಗಿದ್ರು," ಎಂದು ಬ್ರೈಡನ್ ತಗ್ಗಿದ ದನಿಯಲ್ಲಿ ಹೇಳಿದ. "'ನನಗಿಂತ ಹೆಚ್ಚು ದಿನ ಬದುಕೋರನ್ನ ಮಾತ್ರ ಹಾಕ್ತೀನಿ, ಹಗ್ಗ ಹಿಡಿಯೋರೇ ಮೊದಲು ಹೋದ್ರೆ ನಿಮಗೆ ತಾಪತ್ರಯ' ಅಂದ್ರು."

"ಹನ್ನೆರಡು ವರ್ಷ ಅಂದ್ರೆ ಡೂಗಲ್‌ನ ಎದೆ ಕೊಯ್ದ ವರ್ಷ," ಎಂದಳು ಪಕ್ಕದ ಮನೆಯ ಜೆಸ್ಸಿ ಕಾರ್ನಿ. ಅವಳಿಗೆ ನಾಲಿಗೆ ತಡೆಯುವ ಅಭ್ಯಾಸವಿರಲಿಲ್ಲ. "ಎರಡು ಚಳಿಗಾಲ ಕಂಡ್ರೆ ಹೆಚ್ಚು ಅಂದಿದ್ರಲ್ಲ ಡಾಕ್ಟ್ರು."

"ಆ ಡಾಕ್ಟ್ರೇ ಹೋದ," ಎಂದ ಡೂಗಲ್. ಯಾರೋ ನಕ್ಕು, ಅದನ್ನು ಕೆಮ್ಮಾಗಿ ಮಾಡಿಕೊಂಡರು. "ಅಂದ್ರೆ ಎಫಿ ನನ್ನನ್ನ ಅವತ್ತೇ ಹೂತಿದ್ಲು."

"ತಾತ, ಇದನ್ನ ನೀನೇ ತಗೋ." ಇಷ್ಬೆಲ್ ತನ್ನ ಚೀಟಿಯನ್ನು ಮುಂದೆ ಹಿಡಿದಳು.

"ಬೇಡ ಮರಿ. ಸತ್ತವಳ ಮಾತು ಮೀರೋದು ಬೇಡ. ಲೆಕ್ಕದಲ್ಲಿ ಇಲ್ಲದವನು ಸ್ಮಶಾನದ ಗೇಟಿನ ಹೊರಗೇ ಇರ್ತಾನೆ." ಅವನು ಟೋಪಿ ಹಾಕಿಕೊಂಡು ಇಳಿದುಹೋದ.

ಬ್ರೈಡನ್‌ನ ಕೈಯಲ್ಲಿ ಇನ್ನೂ ಒಂದು ಚೀಟಿ ಉಳಿದಿತ್ತು. "ಗ್ರೆಗರ್ ಹೇ ಅವರು ಬಂದಿಲ್ವಾ? ಎರಡನೇ ಹಗ್ಗ ಅವರದು."

"ಗ್ರೆಗರ್ ಎಲ್ಲಿ ಬರ್ತಾನಪ್ಪಾ!" ಎಂದಳು ಜೆಸ್ಸಿ. ಎಫಿ ತನ್ನ ಆಫೀಸಿನಲ್ಲಿ ಪರೀಕ್ಷೆಗಳಿಗೆ ತಿದ್ದಿ ತಯಾರು ಮಾಡಿದ ಹುಡುಗ ಅವನು, ಮಗನಿಲ್ಲದವಳಿಗೆ ಮಗನಂತಿದ್ದವನು. "ಮಾರ್ಚಿನಲ್ಲೇ ಬೈಕಿನಿಂದ ಬಿದ್ದು ತೀರಿಕೊಂಡ. ಆಗ ಎಫಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಹೇಳಿದ್ದು ಕಿವಿಗೆ ಬಿತ್ತೋ ಇಲ್ವೋ."

"ಹಾಗಾದ್ರೆ ಅದನ್ನ ನಾನೇ ಹಿಡೀತೀನಿ," ಎಂದು ಬ್ರೈಡನ್ ಚೀಟಿಯನ್ನು ಜೇಬಿಗೆ ಹಾಕಿಕೊಂಡ. "ಖಾಲಿ ಹಗ್ಗಕ್ಕೆ ನಾವು ನಿಲ್ಲೋದೇ ಪದ್ಧತಿ."

*

ಎಫಿ ಕಾಲೇಜು ಸೇರಿದಾಗ ಅವಳ ತಂದೆ ಆಡಿದನೆಂಬ ಮಾತೊಂದು ಬಂದರಿನಲ್ಲಿ ಇಂದಿಗೂ ಉಳಿದಿದೆ: "ಸಾವು ಎಣಿಸೋಕೆ ನಮಗೆ ಓದು ಬೇಕಾ? ಸಂಜೆ ದಡದಲ್ಲಿ ನಿಂತು ವಾಪಸ್ ಬಂದ ದೋಣಿ ಎಣಿಸಿದ್ರೆ ಆಯ್ತು."

ಆದರೂ ಅವಳು ಗಣಿತಕ್ಕೇ ಸೇರಿದಳು. ತರಗತಿಯಲ್ಲಿ ಹುಡುಗಿಯರು ಮೂವರೇ. ಪರೀಕ್ಷೆ ಹತ್ತಿರ ಬಂದಂತೆ ಅವಳಿಗೆ ಅನ್ನಾಹಾರ ಸೇರುತ್ತಿರಲಿಲ್ಲ. ಬರೆದ ಉತ್ತರವನ್ನೇ ಅಳಿಸಿ ಮತ್ತೆ ಅದನ್ನೇ ಬರೆಯುತ್ತಿದ್ದಳು. ಅಣ್ಣ ಡೂಗಲ್ ದೋಣಿಯಿಂದ ಬಂದವನು, ಮೀನಿನ ವಾಸನೆಯ ಅಂಗಿಯಲ್ಲೇ ಅಡುಗೆಮನೆಯ ಮೇಜಿಗೆ ಕುಳಿತು ಆಯುಷ್ಯದ ಕೋಷ್ಟಕವನ್ನು ಓದಿ ಹೇಳುತ್ತಿದ್ದ. ಒಂದು ಲಕ್ಷ ಮಕ್ಕಳು ಹುಟ್ಟಿದರೆ ಯಾವ ಯಾವ ವಯಸ್ಸಿಗೆ ಎಷ್ಟೆಷ್ಟು ಮಂದಿ ಉಳಿದಿರುತ್ತಾರೆ ಎಂಬ ಸಾಲುಗಳು. ಹೆಂಗಸರದು ಒಂದು ಪುಟ, ಗಂಡಸರದು ಇನ್ನೊಂದು.

"ಕೈ ಯಾಕೆ ಹಾಗೆ ನಡುಗ್ತಿದೆ?" ಎಂದ ಒಂದು ಸಂಜೆ.

"ನಾಳೆ ಎಲ್ಲ ಮರೆತುಹೋದ್ರೆ?"

ಅವನು ಮೂಲೆಯಲ್ಲಿ ಸಿಕ್ಕುಗಟ್ಟಿ ಬಿದ್ದಿದ್ದ ಗಾಳದ ಹುರಿಯನ್ನು ತಂದು ಅವಳ ಮಡಿಲಿಗೆ ಹಾಕಿದ. "ಬಿಡಿಸು. ಬೆರಳಿಗೆ ಕೆಲಸ ಕೊಟ್ರೆ ತಲೆ ತಾನೇ ಸುಮ್ಮನಾಗುತ್ತೆ."

ಅವಳು ಹುರಿ ಬಿಡಿಸುತ್ತ ಉತ್ತರ ಹೇಳಿದಳು. ಅವನು ಒಂದೊಂದೇ ಸಾಲು ಓದಿದ. ಓದುತ್ತ ಓದುತ್ತ ಗಂಡಸರ ಪುಟಕ್ಕೆ ಬಂದು ತಡೆದ.

"ಇಗೋ, ನನ್ನ ವಯಸ್ಸಿನವರು ಇಲ್ಲಿದ್ದಾರೆ. ಇವರಲ್ಲಿ ಎಪ್ಪತ್ತು ದಾಟೋರು ಎಷ್ಟು..."

ಎಫಿ ಅಂಗೈಯಿಂದ ಪುಟವನ್ನು ಮುಚ್ಚಿದಳು. "ಅದನ್ನ ಓದ್ಬೇಡ."

"ಯಾಕೆ, ನನ್ನ ಹೆಸರಿದೆಯಾ?"

"ಹೆಸರಿರಲ್ಲ. ಎಷ್ಟು ಜನ ಅಂತಷ್ಟೇ ಇರೋದು. ಯಾರು ಅಂತ ಇರಲ್ಲ."

"ಮತ್ತೆ ಭಯ ಯಾಕೆ?"

ಅವಳು ಕೈ ತೆಗೆಯಲಿಲ್ಲ. "ಮುಂದಿನ ಪುಟ ಓದು," ಎಂದಳು.

*

ಗುಂಡಿಯ ಮೇಲೆ ಅಡ್ಡ ಹಾಕಿದ ಹಲಗೆಗಳ ಮೇಲೆ ಪೆಟ್ಟಿಗೆ ಇತ್ತು. ತುದಿಗೆ ಗೊಂಡೆ ಕಟ್ಟಿದ ಎಂಟು ಹಗ್ಗಗಳು ಅದರ ಮುಚ್ಚಳದ ಮೇಲೆ ಸುರುಳಿಯಾಗಿ ಕುಳಿತಿದ್ದವು. ಕಡಲಿನ ಕಡೆಯಿಂದ ಬೀಸುವ ಗಾಳಿಗೆ ಪಾದ್ರಿಯ ಪುಸ್ತಕದ ಹಾಳೆಗಳು ಹಾರುತ್ತಿದ್ದವು. ಬ್ರೈಡನ್ ಕಾಲಿನ ಕಡೆಗೆ ಹೋಗಿ ನಿಂತು, "ಒಂದನೆಯವರು ಬನ್ನಿ," ಎಂದ.

ಇಷ್ಬೆಲ್ ಮುಂದೆ ಬರಲಿಲ್ಲ. "ಐದು ನಿಮಿಷ ಕೊಡಿ," ಎಂದವಳೇ ಗೋರಿಗಳ ನಡುವೆ ಗೇಟಿನ ಕಡೆಗೆ ಓಡಿದಳು.

"ಬೇಗ ಬಾರೇ, ಊಟಕ್ಕಿಟ್ಟ ಮಾಂಸದ ಪೈ ತಣ್ಣಗಾಗುತ್ತೆ!" ಎಂದು ಜೆಸ್ಸಿ ಕೂಗಿದಳು.

ಡೂಗಲ್ ಗೇಟಿನ ಕಲ್ಲುಕಂಬಕ್ಕೆ ಒರಗಿ ಸಿಗರೇಟು ಸೇದುತ್ತಿದ್ದ. "ಇಲ್ಲಿಗ್ಯಾಕೆ ಬಂದೆ? ಒಂದನೇ ಹಗ್ಗ ಇಲ್ದೆ ಪೆಟ್ಟಿಗೆ ಇಳಿಯಲ್ಲ."

"ನೀನು ಬರೋತನಕ ನಾನು ಹಿಡಿಯಲ್ಲ. ಹಿಡಿದ್ರೂ ಬಿಟ್ಟುಬಿಡ್ತೀನಿ. ಕೈ ನೋಡು ನನ್ನದು." ಅವಳು ಚೀಟಿಯನ್ನು ಅವನ ಕಣ್ಣಮುಂದೆ ಹಿಡಿದಳು. "ನನ್ನ ಹೆಸರು ಬರೆದಾಗ ನನಗೆ ಏಳು ವರ್ಷ, ತಾತ. ಎಂಟು ಜನರಲ್ಲಿ ಕೊನೆಗೆ ಸಾಯೋಳು ನಾನು ಅಂತ ಲೆಕ್ಕ ಬಂತು, ಅದಕ್ಕೆ ಒಂದನೇದು ಕೊಟ್ರು. ಪ್ರೀತಿಯಿಂದಲ್ಲ."

"ದಡ್ಡಿ. ಅವತ್ತು ಈ ಬಂದರಿನಲ್ಲಿ ಏಳು ವರ್ಷದ ಮಕ್ಕಳು ಶಾಲೆ ತುಂಬ ಇದ್ರು. ಅವರ ಹೆಸರು ಯಾಕೆ ಬರೀಲಿಲ್ಲ?"

"ಹಾಗಾದ್ರೆ ನಿನ್ನ ಹೆಸರು ಯಾಕೆ ಬಿಟ್ರು? ಅದನ್ನೂ ಹೇಳು."

ಅವನು ಹೊಗೆ ಬಿಟ್ಟು ರಸ್ತೆಯ ಕಡೆ ನೋಡಿದ. "ಅದನ್ನೇ ಇಲ್ಲಿ ನಿಂತು ಯೋಚಿಸ್ತಿದೀನಿ."

ಇಷ್ಬೆಲ್ ತನಗೇ ಹೇಳಿಕೊಳ್ಳುವಂತೆ ಮಾತಾಡಿದಳು.

"ಭಾನುವಾರ ನನಗೆ ಲೆಕ್ಕ ಹೇಳಿಕೊಡುವಾಗ ಅಜ್ಜಿ ಒಂದು ವಿಚಿತ್ರ ಮಾಡ್ತಿದ್ರು. 'ಎಪ್ಪತ್ನಾಲ್ಕು ವರ್ಷದ ಗಂಡಸು ಇನ್ನೈದು ವರ್ಷ ಬದುಕೋ ಸಂಭವ ಎಷ್ಟು' ಅಂತ ಪ್ರಶ್ನೆ ಬಂದ್ರೆ, ಗಂಡಸು ಅನ್ನೋದನ್ನ ಹೊಡೆದು ಹಾಕಿ ಹೆಂಗಸು ಅಂತ ಬರೀತಿದ್ರು. ಮುಂದಿನ ವರ್ಷ ಎಪ್ಪತ್ತೈದರವನನ್ನ ಹೊಡೆದ್ರು. ಯಾಕಜ್ಜಿ ಅಂದ್ರೆ, ಗಂಡಸರ ಪುಟದಲ್ಲಿ ಆ ಸಾಲು ಸರಿಯಾಗಿ ಅಚ್ಚಾಗಿಲ್ಲ ಅಂತಿದ್ರು."

"ಆಗಿರ್ಲಿಲ್ವಾ?"

"ಚೆನ್ನಾಗೇ ಆಗಿತ್ತು."

ಡೂಗಲ್‌ಗೆ ಆ ವರ್ಷಗಳಲ್ಲಿ ಎಪ್ಪತ್ನಾಲ್ಕು, ಎಪ್ಪತ್ತೈದು. ಅಡುಗೆಮನೆಯ ಮೇಜಿನ ಮೇಲೆ ಗಂಡಸರ ಪುಟವನ್ನು ಮುಚ್ಚಿದ ಆ ಅಂಗೈ ಅವನಿಗೆ ನೆನಪಾಯಿತು. ಸಿಗರೇಟನ್ನು ಕಂಬಕ್ಕೆ ಒತ್ತಿ ಆರಿಸಿದ.

"ಆ ಗ್ರೆಗರ್ ಹುಡುಗನ ಹಗ್ಗ ಯಾರು ಹಿಡೀತಿದ್ದಾರೆ?"

"ಬ್ರೈಡನ್."

"ಅವನ ಮುಂಗೈಯಲ್ಲಿ ಬಲ ಇಲ್ಲ." ಅವನು ಟೋಪಿ ತೆಗೆದು ಜೇಬಿಗೆ ತುರುಕಿದ. "ಎಫಿಯ ಲೆಕ್ಕ ಏನೂ ತಪ್ಪಲಿಲ್ಲ ಬಿಡು. ಒಬ್ಬ ಹೋಗ್ಬೇಕಿತ್ತು, ಒಬ್ಬ ಹೋದ. ಯಾರು ಅಂತ ಅವಳ ಪುಸ್ತಕದಲ್ಲಿ ಇರ್ತಿರ್ಲಿಲ್ಲ." ನಾಲ್ಕು ಹೆಜ್ಜೆ ನಡೆದು ತಿರುಗಿದ. "ಕೈ ನಡುಗ್ತಿದೆ ಅಂದ್ಯಲ್ಲ. ಹಗ್ಗ ಬಿಡುವಾಗ ಗುಂಡಿ ನೋಡ್ಬೇಡ, ಹಗ್ಗ ನೋಡು. ಬೆರಳಿಗೆ ಕೆಲಸ ಕೊಟ್ರೆ ತಲೆ ತಾನೇ ಸುಮ್ಮನಾಗುತ್ತೆ."

"ಅದು ಎಫಿ ಅಜ್ಜಿ ಮಾತು. ಪ್ರತಿ ಪರೀಕ್ಷೆಗೂ ಹೇಳೋರು."

"ಅವಳಿಗೆ ಹೇಳಿಕೊಟ್ಟೋರು ಯಾರು ಅಂತ ಹೇಳ್ಲಿಲ್ವಾ?"

ಗುಂಡಿಯ ಬಳಿ ಬ್ರೈಡನ್ ಚೀಟಿಯನ್ನು ಕೊಡಲು ಹಿಂದೆಮುಂದೆ ನೋಡಿದ. "ಇದರಲ್ಲಿ ಗ್ರೆಗರ್ ಹೇ ಅಂತ ಬರೆದಿದೆ, ಲಿಸ್ಟನ್ ಅವರೇ."

"ಇರ್ಲಿ. ಅವನೂ ಜೊತೆಗೆ ಹಿಡೀಲಿ."

ಹಲಗೆಗಳನ್ನು ಸರಿಸಿದರು. ಭಾರ ಒಮ್ಮೆಲೇ ಎಂಟು ಜನರ ಕೈಗಳಿಗೂ ಬಂತು. ಇಷ್ಬೆಲ್ ಗುಂಡಿಯನ್ನು ನೋಡಲಿಲ್ಲ. ತನ್ನ ಹಗ್ಗವನ್ನು ನೋಡಿದಳು, ಅದರಾಚೆ ಕಾಲಿನ ಕಡೆ ನಿಂತ ತಾತನ ಕೈಗಳನ್ನು ನೋಡಿದಳು. ಒಂದು ಕೈ ಬಿಟ್ಟು ಒಂದು ಕೈ ಹಿಡಿದು, ಆಳದ ನೀರಿಗೆ ಗಾಳ ಇಳಿಸುವಂತೆ ಅವು ನಿಧಾನವಾಗಿ ಹಗ್ಗ ಬಿಡುತ್ತಿದ್ದವು. ಅವಳ ಕೈಗಳೂ ಅದೇ ಲಯಕ್ಕೆ ಬಿದ್ದವು. ಹಗ್ಗ ಸಡಿಲವಾಯಿತು.

ಪಾದ್ರಿ ತಲೆಯಾಡಿಸಿದ. ಇಕ್ಕೆಲದವರು ತಮ್ಮ ತಮ್ಮ ಹಗ್ಗಗಳನ್ನು ಕೆಳಕ್ಕೆ ಬಿಟ್ಟರು. ಗೊಂಡೆಗಳು ಮುಚ್ಚಳದ ಮೇಲೆ ಒಂದೊಂದಾಗಿ ಬಿದ್ದ ಸದ್ದು ಕೇಳಿಸಿತು. ಆಗ ಡೂಗಲ್ ಏನೋ ಅಂದನೆಂದು ಜೆಸ್ಸಿ ಕಾರ್ನಿ ಹೇಳುತ್ತಾಳೆ; ಅದು ಬರಿಯ ಕೆಮ್ಮೆಂದು ಬ್ರೈಡನ್ ಹೇಳುತ್ತಾನೆ. ಅವನು ಹಗ್ಗ ಬಿಡಲಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಎರಡು ಬೆರಳ ನಡುವೆ ಅದನ್ನು ಹಿಡಿದು, ತಳ ಸಿಕ್ಕಿತೋ ಇಲ್ಲವೋ ಎಂದು ಪರೀಕ್ಷಿಸುವ ಮೀನುಗಾರನಂತೆ, ಒಂದಿಷ್ಟೇ ಮೇಲಕ್ಕೆ ಎಳೆದು, ಮತ್ತೆ ಸಡಿಲಿಸಿ, ಮತ್ತೆ ಎಳೆದು ನೋಡುತ್ತಿದ್ದ. ಎದುರು ತುದಿಯಲ್ಲಿ ಇಷ್ಬೆಲ್ ತನ್ನ ಹಗ್ಗವನ್ನು ಹಿಡಿದುಕೊಂಡೇ ಕಾಯುತ್ತಿದ್ದಳು.